ಹಳೇ ಹಗ್ಗದ ನ್ಯಾಯ

"ಹೆಣ್ಣು ಹುಡುಗಿಗೆ ಅವೆಲ್ಲ ಯಾಕೆ ಬೇಕಿತ್ತು?" ಎಂದು ನನ್ನ ನಾದಿನಿ ಫೋನಿನಲ್ಲಿ ಕೇಳಿದಳು. "ಇನ್ನಾದರೂ ಬಿಟ್ಟುಬಿಡೋಕೆ ಹೇಳಿ ಅಕ್ಕಾ" ಎಂದಳು ಓರಗಿತ್ತಿ. ರಜೆ ಮುಗಿಸಿ ಶಾಲೆಗೆ ಬಂದರೆ ಸ್ಟಾಫ್ ರೂಮಿನಲ್ಲೂ ಅದೇ ರಾಗ. ಇಷ್ಟು ಜನರಲ್ಲಿ ಒಬ್ಬರಾದರೂ "ಹಗ್ಗ ಯಾಕೆ ತುಂಡಾಯಿತು?" ಎಂದು ಕೇಳಲಿಲ್ಲ. ಯಾರೂ ಕೇಳದೆ ಉಳಿದ ಆ ಪ್ರಶ್ನೆಗೆ ನಾನೇ ಉತ್ತರ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಊರಿಗೊಂದು ಕೆರೆಯಲ್ಲ, ಬೀದಿಗೊಂದು ಕೆರೆ. ಮಗಳು, ಅಳಿಯ ಇಬ್ಬರೂ ವಾಟರ್ ಸ್ಕೀ ಆಡುತ್ತಾರೆ. ಅದರಲ್ಲೂ ಸ್ಲಾಲಮ್. ಮೋಟಾರು ದೋಣಿ ಕೆರೆಯ ನಡುವೆ ನೇರವಾಗಿ ಓಡುತ್ತದೆ. ಹಿಂದೆ ಒಂದೇ ಹಲಗೆಯ ಮೇಲೆ ನಿಂತವರು ಹಗ್ಗದ ಹಿಡಿಕೆ ಹಿಡಿದು, ಎಡಕ್ಕೂ ಬಲಕ್ಕೂ ಹಾಯುತ್ತ, ನೀರಿನಲ್ಲಿ ತೇಲುವ ಆರು ಚೆಂಡುಗಳನ್ನು ಸುತ್ತಿ ಬರಬೇಕು. ಚೆಂಡುಗಳು ದೋಣಿಯ ದಾರಿಯಿಂದ 11.5 ಮೀಟರ್ ದೂರದಲ್ಲಿರುತ್ತವೆ. ದೊಡ್ಡ ಪಂದ್ಯಗಳಲ್ಲಿ ದೋಣಿಯ ಗರಿಷ್ಠ ವೇಗ ಹೆಂಗಸರಿಗೆ ಗಂಟೆಗೆ 55 ಕಿಲೋಮೀಟರ್, ಗಂಡಸರಿಗೆ 58. ಆ ವೇಗದಲ್ಲಿ ಆರನ್ನೂ ಸುತ್ತಿದವರಿಗೆ ಆಮೇಲೆ ವೇಗ ಹೆಚ್ಚಿಸುವುದಿಲ್ಲ, ಹಗ್ಗವನ್ನು ಮೋಟು ಮಾಡುತ್ತಾರೆ.

ಅದಕ್ಕಾಗಿಯೇ ಹಗ್ಗದಲ್ಲಿ ಬಣ್ಣಬಣ್ಣದ ಕುಣಿಕೆಗಳಿರುತ್ತವೆ. ಕೆಂಪು 18.25 ಮೀಟರ್, ಕಿತ್ತಳೆ 16, ಹಳದಿ 14.25, ಹಸಿರು 13, ನೀಲಿ 12, ನೇರಳೆ 11.25. ನೇರಳೆಗೆ ಬಂದಾಗ ಏನಾಯಿತು ನೋಡಿ: ಚೆಂಡು 11.5 ಮೀಟರ್ ದೂರದಲ್ಲಿದೆ, ಹಗ್ಗ ಅಲ್ಲಿಗೆ ಮುಟ್ಟುವುದೇ ಇಲ್ಲ. ಉಳಿದ ದೂರವನ್ನು ಆಡುವವರು ಮೈ ಚಾಚಿ, ಕೈ ನೀಡಿ ತುಂಬಬೇಕು. ರೆಜಿನಾ ಜಾಕ್ವೆಸ್ ಎಂಬ ಮಹಿಳೆ 10.25 ಮೀಟರ್ ಹಗ್ಗದಲ್ಲಿ ವಿಶ್ವದಾಖಲೆ ಬರೆದಿದ್ದಾರೆ. ಓದಿನಿಂದ ಅವರು ಫಾರ್ಮಸಿಸ್ಟ್. "ಹೆಣ್ಣಿಗೆ ಯಾಕೆ" ಎನ್ನುವವರು ಇದನ್ನು ಸ್ವಲ್ಪ ಗಮನಿಸಲಿ.

ನನ್ನ ಮಗಳು ಇನ್ನೂ ಕೆಂಪು ಕುಣಿಕೆಯವಳು. ಅವಳ ಕೈಯಲ್ಲಿದ್ದದ್ದು ಅಳಿಯ ನಾಲ್ಕು ವರ್ಷ ಬಳಸಿ ಬಿಟ್ಟ ಹಗ್ಗ. ಅಳಿಯ ತನಗೆ ಹೊಸದು ಕೊಂಡಾಗ ಹಳೆಯದು ಅವಳಿಗೆ ಬಂತು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ನಮ್ಮ ಮನೆಗಳಲ್ಲಿ ಅಣ್ಣನ ಸೈಕಲ್ಲು, ಅಣ್ಣನ ಜಾಮಿಟ್ರಿ ಬಾಕ್ಸು ತಂಗಿಗೆ ಬರುವುದಿಲ್ಲವೇ, ಹಾಗೆ.

ಒಂದು ಸಂಜೆ ಗರಾಜಿನಲ್ಲಿ ಆ ಹಗ್ಗ ನನ್ನ ಕಣ್ಣಿಗೆ ಬಿತ್ತು. ದೋಣಿಗೆ ಕಟ್ಟುವ ತುದಿಯ ಹತ್ತಿರ ಒಂದು ಮೊಳದಷ್ಟು ಜೂಲು ಜೂಲಾಗಿತ್ತು. ನಾನು ತಿಪಟೂರು ಸೀಮೆಯವಳು. ನಮ್ಮಪ್ಪ ತೆಂಗಿನ ನಾರು ನೆನೆಸಿ, ಬಡಿದು, ಅಂಗೈಯಲ್ಲಿ ಹೊಸೆದು ಹಗ್ಗ ಮಾಡುತ್ತಿದ್ದವರು. ಹಗ್ಗದ ವಿಷಯ ನನಗೆ ಹೇಳಿಕೊಡಬೇಕೇ! ಜೂಲಾದ ಮೊಳವನ್ನು ಕತ್ತರಿಸಿದೆ. ಎರಡು ತುದಿ ಸೇರಿಸಿ ಬಿಗಿಯಾಗಿ ಗಂಟು ಹಾಕಿದೆ. ಗಂಟು ಕಾಣಬಾರದೆಂದು ಬಣ್ಣದ ದಾರ ಸುತ್ತಿ ಚೆಂದವೂ ಮಾಡಿದೆ. ಮಗಳಿಗೆ ಒಂದಷ್ಟು ಡಾಲರ್ ಉಳಿಸಿದೆನೆಂಬ ಹೆಮ್ಮೆಯಲ್ಲಿ ಮಲಗಿದೆ.

ಮಾರನೆಯ ಬೆಳಿಗ್ಗೆ ನಾನು ದಡದಲ್ಲಿದ್ದೆ. ಮಗಳು ಮೂರನೆಯ ಚೆಂಡು ಸುತ್ತಿ, ದೋಣಿಗೆ ಬೆನ್ನು ವಾಲಿಸಿ ಎಳೆದಳು. ಗಂಟಿನ ಪಕ್ಕದಲ್ಲೇ ಹಗ್ಗ ಹರಿಯಿತು. ದೋಣಿಯ ಕಡೆಯ ತುಂಡು ಚಾವಟಿಯ ಹಾಗೆ ಹಿಂದಕ್ಕೆ ಬೀಸಿ, ಅವಳನ್ನೇ ನೋಡುತ್ತ ಕೂತಿದ್ದ ಅಳಿಯನ ಮುಂಗೈ ಮೇಲೆ ಬಾಸುಂಡೆ ಎಬ್ಬಿಸಿತು. ಮಗಳು ಪಕ್ಕಕ್ಕೆ ಅಪ್ಪಳಿಸಿದಳು. ಮೂರು ವಾರ ಅವಳಿಗೆ ಭುಜ ಎತ್ತಲಾಗಲಿಲ್ಲ. ಆ ಮೂರು ವಾರ ಅವಳ ತಲೆ ಬಾಚಿದವಳು ನಾನು. ಗಂಟು ಹಾಕಿದ್ದು ನಾನೇ ಎಂದು ಮೊದಲನೆಯ ದಿನವೇ ಹೇಳಿದೆ. "ಹೋಗಲಿ ಬಿಡಮ್ಮ" ಅಂದಳು. ಅವಳು ಬಿಟ್ಟಳು, ನನಗೆ ಬಿಡಲಾಗಲಿಲ್ಲ.

ಅದೇ ಕೆರೆಯ ದಡದಲ್ಲಿ, ಹಿಂದೆ ಸ್ಕೀ ಆಡುತ್ತಿದ್ದ ಹಿರಿಯ ಹೆಂಗಸೊಬ್ಬರು ಮನೆಯಲ್ಲೇ ಹಗ್ಗ ಮಾಡಿಕೊಡುತ್ತಾರೆ. ಮಗಳನ್ನು ಕರೆದುಕೊಂಡು ಹೋಗಿ ಅವರ ಎದುರು ಕೂತೆ. ಅಪ್ಪನ ವಿದ್ಯೆ ಅಲ್ಲಿ ಯಾಕೆ ನಡೆಯಲಿಲ್ಲವೆಂದು ಆಗ ತಿಳಿಯಿತು. ನಮ್ಮ ಹುರಿಹಗ್ಗ ಹೊಸೆದದ್ದು, ಭಾರ ಬಿದ್ದರೆ ಬಿಚ್ಚಿಕೊಳ್ಳಲು ನೋಡುತ್ತದೆ, ಗಿರಗಿರ ತಿರುಗುತ್ತದೆ. ಅವರದು ಹೆಣೆದದ್ದು. ನಾವು ಮೂರು ಕಾಲಿನ ಜಡೆ ಹಾಕಿದರೆ ಅದು ಹನ್ನೆರಡು ಕಾಲಿನ ಜಡೆ: ಆರು ಎಳೆ ಬಲಕ್ಕೆ, ಆರು ಎಳೆ ಎಡಕ್ಕೆ. ತಿರುಗುವುದಿಲ್ಲ, ಒಳಗೆ ಟೊಳ್ಳು.

ಆ ಟೊಳ್ಳಿನಲ್ಲೇ ಗುಟ್ಟಿರುವುದು. ಕುಣಿಕೆ ಮಾಡಲು ಅವರು ಗಂಟು ಹಾಕುವುದಿಲ್ಲ. ಲಂಗಕ್ಕೆ ಲಾಡಿ ಪೋಣಿಸುವ ಹಾಗೆ ಹಗ್ಗದ ತುದಿಯನ್ನು ಸೂಜಿಗೆ ಸಿಕ್ಕಿಸಿ ಹಗ್ಗದ ಹೊಟ್ಟೆಯೊಳಗೇ ತೂರಿಸುತ್ತಾರೆ. ಎಳೆದಷ್ಟೂ ಹೊರಗಿನ ಹೆಣಿಗೆ ಒಳಗಿನ ತುದಿಯನ್ನು ಅವುಚಿಕೊಳ್ಳುತ್ತದೆ. ಗಂಟಾದರೋ ಹಗ್ಗವನ್ನು ಒಂದೇ ಜಾಗದಲ್ಲಿ ಮಡಿಸಿ ಹಿಂಡುತ್ತದೆ, ಬಲದ ಅರ್ಧದಷ್ಟನ್ನು ತಿಂದುಹಾಕಬಲ್ಲದು. ಜೊತೆಗೆ ನಾನು ಒಂದು ಮೊಳ ಕತ್ತರಿಸಿದ್ದರಿಂದ ಹಗ್ಗದ ಅಳತೆಯೂ ಸುಳ್ಳಾಗಿತ್ತು. ಸ್ಲಾಲಮ್ ಹಗ್ಗ ಬರೀ ಎಳೆಯುವ ದಾರವಲ್ಲ, ಅಳತೆಗೋಲು ಕೂಡ.

"ಹಗ್ಗ ಅಂದರೆ ಹಗ್ಗ, ಅದರಲ್ಲೇನು ಆಯ್ಕೆ?" ಎನ್ನುವವರಿಗೆ ಕೇಳುತ್ತೇನೆ. ಸೀರೆ ಕೊಳ್ಳುವಾಗ ಅಂಚು, ಸೆರಗು, ಜರಿ ಎಂದು ಹತ್ತು ಸಲ ಬಿಡಿಸಿ ನೋಡುತ್ತೇವಲ್ಲ, ಮಗಳ ಭಾರ ಹೊರುವ ಹಗ್ಗವನ್ನು ಒಂದು ಸಲ ನೋಡಬಾರದೇ? ನೈಲಾನ್ ನೀರಿನಲ್ಲಿ ಮುಳುಗುತ್ತದೆ, ರಬ್ಬರಿನ ಹಾಗೆ ಹಿಗ್ಗುತ್ತದೆ, ಅದು ಬೇಡ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತದೆ. ಹದವಾಗಿ ಹಿಗ್ಗಿ ಭುಜಕ್ಕೆ ಬೀಳುವ ಜಗ್ಗನ್ನು ತಾಳಿಕೊಳ್ಳುತ್ತದೆ. ಆದರೆ ಬಿಸಿಲು ಅದರ ಶತ್ರು. ಬಣ್ಣ ಮಾಸಿ, ಮೈ ಒರಟಾಗಿ, ಎಳೆಗಳು ಪುಡಿ ಉದುರಿಸತೊಡಗಿದವೆಂದರೆ ಅದರ ಆಯುಸ್ಸು ಮುಗಿಯಿತು. ಇನ್ನು ಹಿಡಿಕೆ. ಅಳಿಯನ ಅಂಗೈಗೆ ಸರಿಯಾದದ್ದು ಮಗಳ ಅಂಗೈಗೆ ದಪ್ಪ. ಬೆರಳು ಪೂರ್ತಿ ಸುತ್ತಿಕೊಳ್ಳದಿದ್ದರೆ ಹಿಡಿತಕ್ಕೇ ತ್ರಾಣವೆಲ್ಲ ಹೋಗಿ ಮುಂಗೈ ಸೋಲುತ್ತದೆ. ಎರಡು ವರ್ಷ ಅವಳು "ನನ್ನ ಕೈಯಲ್ಲೇ ಶಕ್ತಿ ಇಲ್ಲಮ್ಮ" ಅನ್ನುತ್ತಿದ್ದಳು. ಶಕ್ತಿ ಇತ್ತು, ಹಿಡಿಕೆ ಅವಳದಾಗಿರಲಿಲ್ಲ.

ಅಳಿಯನೂ ಒಂದು ವಾದ ಹೂಡಿದ. "ಅತ್ತೆ, 1922ರಲ್ಲಿ ಮಿನ್ನೆಸೋಟಾದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಈ ಆಟ ಶುರು ಮಾಡಿದ್ದೇ ಕಿಟಕಿಗೆ ಕಟ್ಟುವ ಹಗ್ಗದಿಂದ. ಕಮ್ಮಾರ ಮಾಡಿಕೊಟ್ಟ ಕಬ್ಬಿಣದ ಬಳೆಯೇ ಹಿಡಿಕೆ. ಏನಾಯಿತು?" ಏನೂ ಆಗಲಿಲ್ಲ, ನಿಜ. ಹದಿನೆಂಟರ ಆ ಹುಡುಗನಿಗೆ ನೀರಿನ ಮೇಲೆ ನಿಂತರೆ ಸಾಕಿತ್ತು, ಆರು ಚೆಂಡು ಸುತ್ತುವ ಲೆಕ್ಕ ಅವನ ಮುಂದಿರಲಿಲ್ಲ. ಅದಿರಲಿ ಅಪ್ಪಾ, ಕಿಟಕಿ ಹಗ್ಗ ಅಷ್ಟು ಒಳ್ಳೆಯದಾದರೆ ನೀನು ನಿನಗೆ ಹೊಸದು ಯಾಕೆ ಕೊಂಡೆ? ಅಳಿಯ ನಕ್ಕ. ನಕ್ಕು ಅಂದೇ ಹೊಸ ಹಗ್ಗಕ್ಕೆ ಹೇಳಿದ. ಒಳ್ಳೆಯ ಹುಡುಗ.

ದುಬಾರಿ ಎನ್ನಬೇಡಿ. ಆ ಹಲಗೆಯ ಬೆಲೆಯ ಮುಂದೆ, ದೋಣಿ ಕುಡಿಯುವ ಪೆಟ್ರೋಲಿನ ಮುಂದೆ ಹಗ್ಗದ ಬೆಲೆ ಏನೂ ಅಲ್ಲ. ಉಳಿತಾಯ ಒಳ್ಳೆಯ ಗುಣವೇ. ಆದರೆ ನಮ್ಮ ಉಳಿತಾಯ ಸದಾ ಹೆಣ್ಣುಮಕ್ಕಳ ಪಾಲಿನ ಸಾಮಾನಿನಲ್ಲೇ ಯಾಕೆ ಶುರುವಾಗುತ್ತದೆ ಎಂಬುದೇ ನನ್ನ ತಕರಾರು. ಹಳೆಯದನ್ನು ಕೊಡುವವರು ನಾವು, ಗಂಟು ಹಾಕುವವರು ನಾವು, ಹರಿದಾಗ "ನೀನು ಹೋಗಬಾರದಿತ್ತು" ಎನ್ನುವವರೂ ನಾವೇ. ಹುಡುಗ ಬಿದ್ದರೆ ಸಾಮಾನು ಸರಿಯಿರಲಿಲ್ಲ ಅನ್ನುತ್ತೇವೆ, ಹುಡುಗಿ ಬಿದ್ದರೆ ಆಟವೇ ಸರಿಯಲ್ಲ ಅನ್ನುತ್ತೇವೆ. ಇದ್ಯಾವ ನ್ಯಾಯ?

ಊರಿಗೆ ಬಂದ ಮೇಲೆ ನಮ್ಮ ಶಾಲೆಯ ಆಟದ ಸಾಮಾನಿನ ಕೋಣೆ ತೆಗೆಸಿ ನೋಡಿದೆ. ಹುಡುಗಿಯರ ಹಗ್ಗಜಗ್ಗಾಟದ ಹಗ್ಗದಲ್ಲಿ ಎರಡು ಗಂಟು, ಹುಡುಗರದರಲ್ಲಿ ಒಂದೂ ಇಲ್ಲ. ಹುಡುಗಿಯರದನ್ನು ಅಂದೇ ಹೊರಗೆ ಹಾಕಿಸಿ, ಹೊಸದಕ್ಕೆ ಹೆಡ್‌ಮಾಸ್ಟರರಿಗೆ ಬರೆದುಕೊಟ್ಟೆ. ಇನ್ನೂ ಬಂದಿಲ್ಲ. ವಾರಕ್ಕೊಮ್ಮೆ ಕೇಳುತ್ತಿದ್ದೇನೆ.

ಹೋದ ಭಾನುವಾರ ಮಗಳು ಫೋನು ಮಾಡಿದ್ದಳು. "ಅಮ್ಮಾ, ಕೆಂಪಿನಲ್ಲಿ ಆರೂ ಸುತ್ತಿದೆ, ಇನ್ನು ಕಿತ್ತಳೆ" ಅಂದಳು. "ಹಗ್ಗ ನೋಡಿಕೊಂಡೆಯೇನೇ?" ಎಂದೆ. "ಹೂಂ, ಎರಡು ತುದಿಯೂ ನೋಡಿದೆ" ಅಂದಳು. ಹಳೆಯದು ಅವರ ಹಿತ್ತಲಿನಲ್ಲಿ ಬಟ್ಟೆ ಒಣಹಾಕಲು ಕಟ್ಟಿದೆಯಂತೆ. ನಾನು ಹಾಕಿದ ಗಂಟು ಅದರಲ್ಲಿ ಹಾಗೇ ಇದೆಯಂತೆ.