ಬಚ್ಚಲಿನ ಬಿಸಿನೀರು, ಬಾಗಿಲಿನ ಬಣ್ಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದವರಲ್ಲ. ಈ ಎರಡು ಕಾರ್ಯಗಳಲ್ಲಿ ಕೂಡಿಟ್ಟ ಹಣ ಕರಗುವುದಷ್ಟೇ ಅಲ್ಲ, ಯಾವುದು ಮೊದಲು ಯಾವುದು ಅನಂತರ ಎಂಬ ವಿವೇಕವೂ ಪರೀಕ್ಷೆಗೆ ಒಳಗಾಗುತ್ತದೆ. ಗೃಹಪ್ರವೇಶಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಮುಂಬಾಗಿಲಿನ ಕೆತ್ತನೆ, ಗೋಡೆಯ ಬಣ್ಣ, ಅಂಗಳದ ಗೇಟು. ಅವರು ಹೊಗಳುವುದೂ ಅವನ್ನೇ. ಬಚ್ಚಲಮನೆಗೆ ಗಾಳಿ ಎಲ್ಲಿಂದ ಬರುತ್ತದೆ, ಒಲೆಯ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ವಿರಳ. ಆದರೆ ಮನೆಯೊಳಗಿನ ಜೀವಗಳ ಕ್ಷೇಮವು ನಿಂತಿರುವುದು ಈ ಯಾರೂ ಕೇಳದ ಪ್ರಶ್ನೆಗಳ ಮೇಲೆಯೇ.

ಚಳಿಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸ್ನಾನಕ್ಕೆಂದು ಒಳಗೆ ಹೋದವರು ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಬಾಗಿಲು ಮುರಿದು ನೋಡಿದರೆ ನೆಲಕ್ಕೆ ಒರಗಿದ್ದರು. ಗೋಡೆಯ ಮೇಲೆ ಗ್ಯಾಸ್ ಗೀಸರ್ ಉರಿಯುತ್ತಿತ್ತು. ಮೈಮೇಲೆ ಗಾಯವಿಲ್ಲ, ಕೋಣೆಯಲ್ಲಿ ಹೊಗೆಯಿಲ್ಲ, ದುರ್ವಾಸನೆಯಿಲ್ಲ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತು ಇಂಥ ಮನೆಗಳ ವಿಷಯದಲ್ಲಿ ಬರಿಯ ಗಾದೆಯಾಗಿ ಉಳಿಯುವುದಿಲ್ಲ. ಆದುದರಿಂದ ಈ ತಿಂಗಳು ಮನೆಯ ಬೆಚ್ಚಗಿನ ಆಸರೆ, ಬಿಸಿನೀರು, ಸುರಕ್ಷತೆ ಮತ್ತು ಹೊರಗಿನ ಅಂದ ಈ ನಾಲ್ಕನ್ನು ಕುರಿತು ಕೊಂಚ ವಿಚಾರ ಮಾಡೋಣ.

ಮೊದಲು ಗಾಳಿಯ ವಿಚಾರ. ಕಟ್ಟಿಗೆಯಾಗಲಿ, ಇದ್ದಲಾಗಲಿ, ಅಡುಗೆ ಅನಿಲವಾಗಲಿ ಚೆನ್ನಾಗಿ ಉರಿಯಬೇಕಾದರೆ ಸಾಕಷ್ಟು ಆಮ್ಲಜನಕ ಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಉರಿಯು ಆಮ್ಲಜನಕವನ್ನು ತಾನೇ ತಿಂದು ಮುಗಿಸುತ್ತದೆ. ಬಳಿಕ ಉರಿ ಅರೆಬರೆಯಾಗಿ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಈ ವಿಷವನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆದಿರುವಾಗಲೇ ದೇಹವು ಒಳಗಿಂದೊಳಗೆ ಉಸಿರುಗಟ್ಟುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನಲ್ಲಿ ನಿಶ್ಶಕ್ತಿ ಇವು ಅದರ ಮುನ್ಸೂಚನೆಗಳು. ಏನೋ ಆಯಾಸವೆಂದು ಸುಮ್ಮನಿದ್ದವರಿಗೆ ಚಿಲಕ ತೆಗೆಯುವಷ್ಟು ಬಲವೂ ಉಳಿಯುವುದಿಲ್ಲ.

ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಅಳವಡಿಸಲೇಬಾರದು. ಅದು ಹೊರಗಿನ ತೆರೆದ ಜಾಗದಲ್ಲಿರಲಿ. ನೀರು ಮಾತ್ರ ಕೊಳವೆಯ ಮೂಲಕ ಒಳಗೆ ಬರಲಿ. ಸಿಲಿಂಡರಂತೂ ಹೊರಗೇ ಇರಬೇಕು. ಈಗಾಗಲೇ ಒಳಗೆ ಅಳವಡಿಸಿದ ಮನೆಯವರು ಅದನ್ನು ಹೊರಗೆ ಸಾಗಿಸುವವರೆಗೆ ಒಂದು ನಿಯಮವನ್ನು ಪಾಲಿಸಲಿ: ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಕೊಳ್ಳುವುದು, ಗೀಸರನ್ನು ಆರಿಸುವುದು, ಗಾಳಿಯಾಡಿದ ಮೇಲೆ ಸ್ನಾನಕ್ಕೆ ಇಳಿಯುವುದು. ಅಡುಗೆ ಅನಿಲಕ್ಕೆ ಬೆರೆಸಿದ ಕಟುವಾಸನೆಯು ಸೋರಿಕೆಯನ್ನು ತಿಳಿಸುತ್ತದೆಯೇ ಹೊರತು, ಉರಿದು ಹುಟ್ಟಿದ ವಿಷವನ್ನು ತಿಳಿಸುವುದಿಲ್ಲ. ವಾಸನೆ ಬರಲಿಲ್ಲವಾದ್ದರಿಂದ ಅಪಾಯವಿಲ್ಲ ಎಂದು ಭಾವಿಸಿದವರೇ ಹೆಚ್ಚಾಗಿ ಮೋಸ ಹೋಗುತ್ತಾರೆ. ಯಾರಾದರೂ ಒಳಗೆ ಬಿದ್ದದ್ದು ಕಂಡರೆ ಬಾಗಿಲು ಕಿಟಕಿಗಳನ್ನು ತೆರೆದು, ಉರಿ ಆರಿಸಿ, ಅವರನ್ನು ಕೂಡಲೇ ಬಯಲಿಗೆ ತರಬೇಕು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ನೀರು ಚಿಮುಕಿಸುತ್ತ ಕುಳಿತು ಕಾಲಹರಣ ಮಾಡಲಾಗದು.

ಇದೇ ವಿಷವು ನಮ್ಮ ಒಂದು ಹಳೆಯ ಪದ್ಧತಿಯಲ್ಲಿಯೂ ಅಡಗಿದೆ. ಬಾಣಂತಿಯ ಕೋಣೆಯ ಕಿಟಕಿಗಳನ್ನು ಮುಚ್ಚಿ, ಹೊರಸಿನ ಕೆಳಗೆ ಕೆಂಡದ ಶೇಗಡಿಯನ್ನು ಇಡುವ ರೂಢಿ ಅನೇಕ ಮನೆಗಳಲ್ಲಿ ಉಂಟು. ತಾಯಿಗೂ ಕೂಸಿಗೂ ಶೀತವಾಗದಿರಲಿ ಎಂಬ ವಾತ್ಸಲ್ಯವೇ ಇದರ ಮೂಲ. ಹಳೆಯ ಹಂಚಿನ ಮನೆಗಳಲ್ಲಿ ಹಂಚುಗಳ ಸಂದಿನಿಂದ, ಮಾಳಿಗೆಯ ಮನೆಗಳಲ್ಲಿ ಬೆಳಕಿಂಡಿಯಿಂದ ಗಾಳಿ ತಾನಾಗಿ ಆಡುತ್ತಿತ್ತು. ಇಂದಿನ ಕಾಂಕ್ರೀಟಿನ ಕೋಣೆಗೆ ಗಾಜಿನ ಕಿಟಕಿ ಹಾಕಿ ಭದ್ರಪಡಿಸಿದರೆ ಗಾಳಿಗೆ ದಾರಿಯೇ ಇಲ್ಲ. ಕೆಂಡದಲ್ಲಿ ಹೊಗೆ ಕಾಣದು. ಆದರೆ ಮಿನುಗುವ ಇದ್ದಿಲೇ ಹೆಚ್ಚು ಮೊನಾಕ್ಸೈಡನ್ನು ಹೊರಸೂಸುತ್ತದೆ. ಕೂಸಿನ ಉಸಿರಾಟದ ವೇಗ ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ವಿಷವೂ ಅದಕ್ಕೆ ಬೇಗ ಏರುತ್ತದೆ. ಮನೆಯ ಹಿರಿಯ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ: ವಾತ್ಸಲ್ಯ ಉಳಿಯಲಿ, ಶೇಗಡಿ ಹೊರಗೆ ಹೋಗಲಿ. ಕೂಸನ್ನು ತಾಯಿಯ ಎದೆಗೆ ಒತ್ತಿ ಹೊದಿಸಿದರೆ ಅದಕ್ಕಿಂತ ಒಳ್ಳೆಯ ಬೆಚ್ಚಗೆ ಬೇರೊಂದಿಲ್ಲ. ಕೋಣೆಯನ್ನು ಕೆಂಡದಿಂದ ಬೆಚ್ಚಗಾಗಿಸಲೇಬೇಕೆಂದಿದ್ದರೆ ತಾಯಿ ಕೂಸುಗಳು ಹೊರಗಿರುವಾಗ ಕಾಯಿಸಿ, ಕೆಂಡವನ್ನು ಹೊರಗೆ ಒಯ್ದು, ಗಾಳಿಯಾಡಿಸಿದ ಬಳಿಕ ಅವರನ್ನು ಕರೆತರಲಿ. ಮಲೆನಾಡಿನ ಚಳಿಯಲ್ಲಿ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿಟ್ಟು ನಿದ್ರಿಸುವವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಇನ್ನು ಬಿಸಿನೀರು. ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೊಕ್ಯಾಲೊರಿ ಶಾಖ ಬೇಕು. ಮನೆಮಂದಿಯ ಸ್ನಾನಕ್ಕೆ 100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಿದರೆ 4000 ಕಿಲೊಕ್ಯಾಲೊರಿ, ಎಂದರೆ ಸುಮಾರು 4.65 ಯೂನಿಟ್ ವಿದ್ಯುತ್ತು ವ್ಯಯವಾಗುತ್ತದೆ. ಒಣಗಿದ ಒಂದು ಕಿಲೊ ಕಟ್ಟಿಗೆಯಲ್ಲಿ ಸುಮಾರು 3500ರಿಂದ 4000 ಕಿಲೊಕ್ಯಾಲೊರಿ ಶಾಖ ಅಡಗಿದೆ. ಹಾಗಾದರೆ ಒಂದು ಕಿಲೊ ಕಟ್ಟಿಗೆಯೇ ಸಾಕಾಗಬೇಕಲ್ಲವೇ? ಆದರೆ ತೆರೆದ ಒಲೆಯಲ್ಲಿ ಹಂಡೆಗೆ ತಲುಪುವುದು ಹತ್ತರಲ್ಲಿ ಒಂದೆರಡು ಪಾಲು ಮಾತ್ರ. ಉಳಿದುದು ಹೊಗೆಯೊಡನೆ ಹಾರಿಹೋಗುತ್ತದೆ. ಆ ಹಾರಿಹೋದ ಶಾಖಕ್ಕಾಗಿ ಹೆಣ್ಣುಮಕ್ಕಳು ಹೊರೆಯ ಮೇಲೆ ಹೊರೆ ಕಟ್ಟಿಗೆ ಹೊತ್ತಿದ್ದಾರೆ, ಕಣ್ಣು ಕೆಂಪಾಗಿಸಿಕೊಂಡಿದ್ದಾರೆ.

ಈ ನಷ್ಟವನ್ನು ತಗ್ಗಿಸುವ ಯತ್ನ ನಮ್ಮ ನಾಡಿನಲ್ಲಿಯೇ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯಕುಮಾರ ರೆಡ್ಡಿಯವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ವಿಭಾಗ ಆರಂಭವಾಯಿತು. ಹಳ್ಳಿಗಳಿಗೆ ಒದಗುವ ತಂತ್ರಜ್ಞಾನವನ್ನು ರೂಪಿಸುವುದು ಅದರ ಉದ್ದೇಶ. ಅಲ್ಲಿಂದ ಬಂದ ಅಸ್ತ್ರ ಒಲೆಯ ಮರ್ಮ ಸರಳವಾದುದು: ಉರಿಯನ್ನು ಸುತ್ತಲೂ ಮುಚ್ಚಿ ಪಾತ್ರೆಯ ತಳಕ್ಕೆ ತಾಗಿಸುವುದು, ಗಾಳಿಯನ್ನು ಅಳತೆಯಿಂದ ಒಳಬಿಡುವುದು, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವುದು. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳುಗಳನ್ನು ಇಂದಿಗೂ ಬಳಸುವ ಮನೆಗಳವರು ಹಂಡೆಯ ಒಲೆಗೆ ಈ ಮೂರು ಸೂತ್ರಗಳನ್ನು ಅನ್ವಯಿಸಿದರೆ ಕಟ್ಟಿಗೆಯೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ. ಹೊಗೆಕೊಳವೆಯು ಸೂರಿನ ಕೆಳಗೇ ನಿಲ್ಲದೆ ಛಾವಣಿಯನ್ನು ದಾಟಿ ಮೇಲೇರಬೇಕು, ಅದಕ್ಕೊಂದು ಮುಚ್ಚಿಗೆಯಿರಬೇಕು, ಕಾಲಕಾಲಕ್ಕೆ ಮಸಿ ತೆಗೆಯಬೇಕು.

ಬಿಸಿಲುಳ್ಳ ಬಯಲುಸೀಮೆಗೆ ಸೋಲಾರ್ ಹಂಡೆಯಂಥ ಅನುಕೂಲ ಮತ್ತೊಂದಿಲ್ಲ. ಕಾದ ನೀರು ಹಗುರಾಗಿ ತಾನಾಗಿ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪಿನ ಹಂಗೂ ಇಲ್ಲ. ಫಲಕವು ದಕ್ಷಿಣಕ್ಕೆ ಮುಖಮಾಡಿರಬೇಕು. ತೆಂಗಿನ ಗರಿಯ ನೆರಳು ಬೀಳಬಾರದು. 200 ಲೀಟರಿನ ತೊಟ್ಟಿಯೆಂದರೆ ನೀರೊಂದೇ 200 ಕಿಲೊ ತೂಗುತ್ತದೆ. ಹಳೆಯ ಛಾವಣಿ ಅದನ್ನು ತಾಳಬಲ್ಲುದೇ ಎಂದು ಬಲ್ಲವರಿಂದ ನೋಡಿಸಬೇಕು. ಕೊಳವೆಬಾವಿಯ ಗಡಸುನೀರು ಸಣ್ಣ ಕೊಳವೆಗಳಲ್ಲಿ ಸುಣ್ಣದ ಹರಳು ಕಟ್ಟಿಸುತ್ತದೆ. ಅಂಥ ನೀರಿಗೆ ತಕ್ಕ ಬಗೆಯನ್ನು ಆರಿಸಿ, ನಿಯತವಾಗಿ ಶುಚಿಗೊಳಿಸಬೇಕು. ತೊಟ್ಟಿಯ ಗಾಳಿಕೊಳವೆಯನ್ನು ಎಂದಿಗೂ ಮುಚ್ಚಬಾರದು. ನಲ್ಲಿಯಿಂದ ಮೊದಲು ಬರುವ ತಣ್ಣೀರನ್ನು ಚೆಲ್ಲದೆ ಗಿಡಕ್ಕೋ ಪಾತ್ರೆಗೋ ಬಳಸಿದರೆ ನೀರಿನ ಋಣವೂ ತೀರುತ್ತದೆ. ಮಳೆಗಾಲವೆಲ್ಲ ಮೋಡ ಕವಿಯುವ ಮಲೆನಾಡಿನವರು ಮಾತ್ರ ಹಂಡೆಯ ಒಲೆಯನ್ನು ಕಿತ್ತುಹಾಕದಿರುವುದು ಲೇಸು.

ವಿದ್ಯುತ್ ಗೀಸರ್ ಬಳಸುವವರಿಗೆ ಎರಡು ಮಾತು. ಅರ್ಥಿಂಗ್ ಸರಿಯಾಗಿರಬೇಕು, ಅದರ ಜೊತೆಗೆ 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ ಎಂಬ ಸಾಧನವನ್ನು ಮನೆಯ ಮುಖ್ಯ ಪೆಟ್ಟಿಗೆಯಲ್ಲಿ ಹಾಕಿಸಬೇಕು. ಫ್ಯೂಸು ತಂತಿಯನ್ನು ಕಾಯುತ್ತದೆ, ಈ ಸಾಧನವು ಮನುಷ್ಯನನ್ನು ಕಾಯುತ್ತದೆ. ಗೀಸರಿನ ಒತ್ತಡ ತಗ್ಗಿಸುವ ವಾಲ್ವು ತೊಟ್ಟಿಕ್ಕುತ್ತದೆಂದು ಅದನ್ನು ಮುಚ್ಚಿಸುವುದು ತೊಟ್ಟಿಯನ್ನೇ ಸಿಡಿಗುಂಡಾಗಿ ಮಾಡಿದಂತೆ. ಬಕೆಟ್ಟಿಗೆ ಇಳಿಬಿಡುವ ಕಾಯಿಸುವ ರಾಡಿನ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಬಳಿಕವೇ ನೀರಿಗೆ ಬೆರಳು ಹಾಕಬೇಕು. 60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿಯೇ ಚರ್ಮವನ್ನು ಬೇಯಿಸಬಲ್ಲುದು. ಮಕ್ಕಳಿಗೂ ವೃದ್ಧರಿಗೂ ಅದಕ್ಕಿಂತ ಬೇಗ. ಆದಕಾರಣ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಕ್ರಮವನ್ನು ಮಕ್ಕಳಿಗೆ ಅಕ್ಷರಾಭ್ಯಾಸದಂತೆ ರೂಢಿಸಬೇಕು. ಬಚ್ಚಲಿನ ಬಾಗಿಲಿಗೆ ಹೊರಗಿನಿಂದಲೂ ತೆಗೆಯಬಹುದಾದ ಚಿಲಕವಿದ್ದರೆ ಆಪತ್ತಿನಲ್ಲಿ ಬಾಗಿಲು ಮುರಿಯುವ ಕಾಲ ಉಳಿಯುತ್ತದೆ.

ಕಡೆಗೆ ಮನೆಯ ಹೊರಮೈ. ಅಂದವನ್ನು ಬಯಸುವುದು ತಪ್ಪಲ್ಲ. ಶುಭ್ರವಾದ ಗೋಡೆ ಮನಸ್ಸಿಗೂ ಹಿತ. ಆದರೆ ಬಣ್ಣ ಸುಲಿಯುತ್ತಿದ್ದರೆ ಅದು ಗೋಡೆ ನಮಗೆ ಹೇಳುತ್ತಿರುವ ಮಾತು ಎಂದು ತಿಳಿಯಬೇಕು. ಬಹುಮಟ್ಟಿಗೆ ಅದರ ಹಿಂದೆ ಬಚ್ಚಲಿನ ಸೋರಿಕೆಯೋ ಛಾವಣಿಯ ಬಿರುಕೋ ಇರುತ್ತದೆ. ಮೂಲವನ್ನು ಸರಿಪಡಿಸದೆ ಮೇಲೆ ಬಳಿದ ಬಣ್ಣ ಮುಂದಿನ ಮಳೆಗೆ ಮತ್ತೆ ಉದುರುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಹಾಕಿದರೆ ಒಳಗಿನ ತೇವ ಹೊರಬರಲಾರದೆ ಮಣ್ಣು ಒಳಗೇ ಸಡಿಲಾಗುತ್ತದೆ. ಅಂಥ ಗೋಡೆಗೆ ಸುಣ್ಣವೇ ತಕ್ಕ ಸಂಗಾತಿ. ಸುಣ್ಣವು ತೇವಕ್ಕೆ ದಾರಿ ಬಿಡುತ್ತದೆ, ಬಿಸಿಲನ್ನು ಹಿಂದಕ್ಕೆ ಚೆಲ್ಲಿ ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುತ್ತದೆ. ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸುವಾಗ ಮಾತ್ರ ಅದು ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಸಂಚಕಾರ. ಮಕ್ಕಳನ್ನು ಹತ್ತಿರ ಬಿಡಬಾರದು.

ಹಳೆಯ ಬಾಗಿಲು ಕಿಟಕಿಗಳ ಎಣ್ಣೆಬಣ್ಣದಲ್ಲಿ ಸೀಸ ಬೆರೆತಿರುವ ಸಂಭವ ಉಂಟು. ಬಣ್ಣದಲ್ಲಿ ಸೀಸದ ಪ್ರಮಾಣ ದಶಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ 2016ರಲ್ಲಿ ಹೊರಡಿಸಿ 2017ರಲ್ಲಿ ಜಾರಿಗೆ ತಂದಿತು. ಅದಕ್ಕೆ ಮುಂಚಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಆ ಧೂಳು ಮಕ್ಕಳ ಬುದ್ಧಿಬೆಳವಣಿಗೆಗೆ ಮಾರಕ. ನೀರು ತೋಯಿಸಿ ಉಜ್ಜಿಸುವುದು, ಗರ್ಭಿಣಿಯರನ್ನೂ ಮಕ್ಕಳನ್ನೂ ದೂರವಿಡುವುದು, ಧೂಳನ್ನು ಒದ್ದೆಬಟ್ಟೆಯಿಂದ ಒರೆಸುವುದು ವಿಹಿತ. ಹಬ್ಬದ ಅವಸರದಲ್ಲಿ ಈ ಎಚ್ಚರ ತಪ್ಪಬಾರದು.

ಸೋಲಾರ್ ತೊಟ್ಟಿ, ಹೊಗೆಕೊಳವೆಗಳು ಮನೆಯ ಮುಖವನ್ನು ಕೆಡಿಸುತ್ತವೆ ಎಂದು ಕೆಲವರು ಆಕ್ಷೇಪಿಸುವುದುಂಟು. ಅವನ್ನು ಛಾವಣಿಯ ಹಿಂಭಾಗದಲ್ಲಿ ಅಚ್ಚುಕಟ್ಟಾಗಿ ಕೂರಿಸಬಹುದು. ಒಂದು ವೇಳೆ ಕಾಣಿಸಿದರೂ, ಮನೆಯೊಳಗಿನವರ ಕಣ್ಣು ಮತ್ತು ಉಸಿರನ್ನು ಕಾಯುವ ಕೊಳವೆ ಕುರೂಪವೆನಿಸಬೇಕಾದುದೇಕೆ? ಮನೆಗೆ ವೆಚ್ಚಮಾಡುವಾಗ ಮೊದಲ ರೂಪಾಯಿ ಗಾಳಿಗೆ ಮತ್ತು ವಿದ್ಯುತ್ತಿನ ಭದ್ರತೆಗೆ ಸಲ್ಲಲಿ, ಎರಡನೆಯದು ಹೊಗೆಯಿಲ್ಲದ ಬಿಸಿನೀರಿಗೆ, ಮೂರನೆಯದು ಸೋರಿಕೆಯ ದುರಸ್ತಿಗೆ, ಉಳಿದುದು ಬಣ್ಣಕ್ಕೆ. ಈ ಕ್ರಮವನ್ನು ಹಿಡಿದರೆ ಖರ್ಚು ಹೆಚ್ಚಾಗುವುದಿಲ್ಲ. ಓದುಗ ಬಂಧುಗಳು ಚಳಿ ಬಲಿಯುವ ಮೊದಲು ಬಿಡುವಿನ ಒಂದು ದಿನ ಮನೆಯ ಬಚ್ಚಲಿನಲ್ಲಿ ನಿಂತು, ಇಲ್ಲಿ ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ ಎಂದು ಒಮ್ಮೆ ನೋಡಲಿ. ಉತ್ತರ ಸಿಗದಿದ್ದರೆ ಗವಂಡಿಯನ್ನು ಕರೆಸಿ ಗೋಡೆಯ ಮೇಲ್ಭಾಗದಲ್ಲೊಂದು, ಕೆಳಭಾಗದಲ್ಲೊಂದು ಬೆಳಕಿಂಡಿ ತೆಗೆಸಲಿ. ಅರ್ಧ ದಿನದ ಆ ಕೂಲಿ ಒಂದು ಜೀವವನ್ನು ಉಳಿಸೀತು.