ಬಳಸುವವರೇ ಪರೀಕ್ಷಕರಾಗಲಿ

ಮನೆಯಲ್ಲಿ ಕುಳಿತು ಫೋನಿನ ಮೂಲಕ ಗುರುತು ದೃಢಪಡಿಸಬೇಕಾದವರು ತಾವು ಜೀವಂತವಾಗಿರುವುದನ್ನು ತೋರಿಸಲು ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ಪದ್ಧತಿ ನಮ್ಮ ದೇಶದಲ್ಲಿ ರೂಢಿಗೆ ಬಂದಿತ್ತು. ಆಸಿಡ್ ದಾಳಿಗೆ ತುತ್ತಾಗಿ ಕಣ್ಣು ಕಳೆದುಕೊಂಡವರು ಹಾಗೂ ಅಂಧರು ಏನು ಮಾಡಬೇಕೆಂಬುದನ್ನು ಯಾರೂ ಯೋಚಿಸಿದಂತಿರಲಿಲ್ಲ. ನೊಂದವರೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠವು ಡಿಜಿಟಲ್ ಸೇವೆಗಳನ್ನು ಪಡೆಯುವ ಅವಕಾಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಸಾರಿ, 20 ನಿರ್ದೇಶನಗಳನ್ನಿತ್ತಿತು. ಈ ತೀರ್ಪು ಸರ್ವಥಾ ಸ್ತುತ್ಯರ್ಹ.

ಆ ನಿರ್ದೇಶನಗಳಲ್ಲೊಂದರ ಕಡೆಗೆ ನಮ್ಮ ವಾಚಕರ ಲಕ್ಷ್ಯವನ್ನು ಸೆಳೆಯಬಯಸುತ್ತೇವೆ. ಜಾಲತಾಣವನ್ನಾಗಲಿ ಆ್ಯಪನ್ನಾಗಲಿ ನಿರ್ಮಿಸುವಾಗ, ಪರೀಕ್ಷೆಯ ಹಂತದಲ್ಲಿ ಅಂಧ ವ್ಯಕ್ತಿಗಳನ್ನು ಸೇರಿಸಿಕೊಳ್ಳತಕ್ಕದ್ದೆಂದು ನ್ಯಾಯಾಲಯ ವಿಧಿಸಿದೆ. ಇದು ಕೇವಲ ಸೌಜನ್ಯದ ಮಾತಲ್ಲ; ಇದರ ಹಿಂದೆ ಅನುಭವದ ಆಧಾರವಿದೆ.

ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಲು ಅನುಸರಿಸಬೇಕಾದ ಅಂತರರಾಷ್ಟ್ರೀಯ ಸೂತ್ರಗಳು 1999ರಲ್ಲಿಯೇ ಪ್ರಕಟವಾದುವು. ನಮ್ಮಲ್ಲಿಯೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದೆ. ಆದರೆ ಸೂತ್ರ ಪಾಲಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೇ? ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 32 ಮಂದಿ ಅಂಧರನ್ನು ಕೂಡಿಸಿ, 16 ಜಾಲತಾಣಗಳಲ್ಲಿ ನಿತ್ಯದ ಕೆಲಸಗಳನ್ನು ಮಾಡಲು ಹೇಳಿ, ಅವರು ಎಲ್ಲೆಲ್ಲಿ ತಡವರಿಸಿದರೆಂಬುದನ್ನು ಗುರುತಿಸಿಕೊಂಡರು. 2012ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಒಟ್ಟು 1383 ಅಡಚಣೆಗಳು ಕಂಡುಬಂದುವು. ಇವುಗಳಲ್ಲಿ ಸೂತ್ರಗಳ ವ್ಯಾಪ್ತಿಗೆ ಬಂದವು ಶೇಕಡಾ 50.4 ಮಾತ್ರ. ಇರಬೇಕೆಂದು ಬಳಸುವವನು ನಂಬಿ ಹೋದ ಪುಟದಲ್ಲಿ ವಿಷಯವೇ ಇಲ್ಲದಿರುವುದು ಮೊದಲಾದ ತೊಡಕುಗಳು ಉಳಿದರ್ಧದಲ್ಲಿದ್ದುವು. ಇಂಥವು ಸೂತ್ರದ ಪಟ್ಟಿಗೆ ಸಿಕ್ಕುವುದಿಲ್ಲ, ಪಕ್ಕದಲ್ಲಿ ಕುಳಿತು ನೋಡಿದಾಗಲೇ ತಿಳಿಯುತ್ತವೆ.

ಹೋಟೆಲಿನಲ್ಲಿ ದುಡಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಟ್ಟರು ಉಪ್ಪು, ಹುಳಿ, ಖಾರಗಳನ್ನು ಅಳತೆಯಂತೆಯೇ ಹಾಕಿರಬಹುದು. ಸಾಂಬಾರು ಹೇಗಾಗಿದೆಯೆಂದು ಹೇಳಬೇಕಾದವನು ಉಣ್ಣುವ ಗಿರಾಕಿಯೇ.

ಅಂಧರು ಜಾಲತಾಣವನ್ನು ಬಳಸುವುದು ಪರದೆಯ ಮೇಲಿನ ಅಕ್ಷರಗಳನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶದಿಂದ. ಗುಂಡಿಗೆ ಹೆಸರು ಕೊಡದಿದ್ದರೆ ಅದು ಬರಿದೆ ‘ಬಟನ್’ ಎಂದು ನುಡಿದು ಸುಮ್ಮನಾಗುತ್ತದೆ. ಹಣ ಕಳಿಸುವ ಗುಂಡಿಯೋ ರದ್ದು ಮಾಡುವ ಗುಂಡಿಯೋ ತಿಳಿಯುವ ಬಗೆಯಿಲ್ಲ. ಇಂಥ ತಂತ್ರಾಂಶಗಳಲ್ಲಿ ಉಚಿತವಾಗಿ ದೊರೆಯುವ ಎನ್‌ವಿಡಿಎಯನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಮೈಕೆಲ್ ಕರನ್. ಅವರು ಸ್ವತಃ ಅಂಧರು. ತಮಗೆ ಬೇಕಾದುದೇನೆಂಬುದನ್ನು ಅಂಧರಿಗಿಂತ ಬಲ್ಲವರಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಕನ್ನಡಿಗರೂ ಇಲ್ಲಿ ಆತ್ಮಪರಿಶೀಲನೆ ಮಾಡಿಕೊಳ್ಳಬೇಕಾಗಿದೆ. ಯೂನಿಕೋಡಿನಲ್ಲಿರುವ ಕನ್ನಡವನ್ನು ಈ ತಂತ್ರಾಂಶಗಳು ಓದಬಲ್ಲವು. ಆದರೆ ಹಳೆಯ ಫಾಂಟುಗಳಲ್ಲಿ ಅಚ್ಚುಮಾಡಿದ ಕಡತಗಳು ಅವಕ್ಕೆ ಅರ್ಥವಿಲ್ಲದ ಅಕ್ಷರರಾಶಿ. ಚಿತ್ರರೂಪದಲ್ಲಿ ಹಂಚುವ ಆಮಂತ್ರಣವಾಗಲಿ ಪ್ರಕಟಣೆಯಾಗಲಿ ಅವಕ್ಕೆ ಮೂಕ. ಊರು ಬಿಟ್ಟು ದೂರದ ಪಟ್ಟಣದಲ್ಲಿರುವ ಅಂಧ ಕನ್ನಡಿಗನಿಗೆ ಓದಿ ಹೇಳುವ ಬಂಧುಗಳು ಪಕ್ಕದಲ್ಲಿರುವುದಿಲ್ಲ. ಅವನು ಪರರ ಕೈಗೆ ಫೋನನ್ನೂ ಗುಪ್ತಸಂಖ್ಯೆಯನ್ನೂ ಕೊಟ್ಟು ಸಂಬಳದ ಲೆಕ್ಕ ಕೇಳಬೇಕಾಗುತ್ತದೆ. ದುಡಿದ ಹಣ ತನ್ನದಾದರೂ ಅದರ ಗುಟ್ಟು ತನ್ನದಲ್ಲ! ಇದಕ್ಕಿಂತ ಪರಾಧೀನತೆ ಬೇರೇನಿದೆ?

2011ರ ಜನಗಣತಿಯಂತೆ ದೇಶದಲ್ಲಿ ಅಂಗವಿಕಲರ ಸಂಖ್ಯೆ 2.68 ಕೋಟಿ. ಇಷ್ಟು ಮಂದಿಯ ಹಕ್ಕನ್ನು ದಯೆಯ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ಪರೀಕ್ಷೆಗೆ ಕರೆದವರಿಗೆ ಚಹಾ ಕೊಟ್ಟು ಕಳಿಸದೆ, ಅವರ ಶ್ರಮಕ್ಕೆ ತಕ್ಕ ಸಂಭಾವನೆ ಸಲ್ಲಿಸಬೇಕು. ಕೆಲಸ ಮುಗಿದ ಮೇಲಲ್ಲ, ನಿರ್ಮಾಣದ ಆರಂಭದಲ್ಲಿಯೇ ಅವರನ್ನು ಕರೆಯಬೇಕು. ಅವರು ತೋರಿಸಿದ ದೋಷಗಳನ್ನು ತಿದ್ದಿದ ಬಳಿಕ ಮತ್ತೊಮ್ಮೆ ಅವರಿಂದಲೇ ಪರೀಕ್ಷೆ ಮಾಡಿಸಬೇಕು.

ಬ್ಯಾಂಕು, ಕಚೇರಿಗಳಲ್ಲಿ ಗುಮಾಸ್ತರಾಗಿರುವ ನಮ್ಮ ಬಂಧುಗಳು ಮೇಲಧಿಕಾರಿಗಳಿಗೆ ಈ ವಿಷಯವನ್ನು ನೆನಪಿಸಲಿ. ಹೊರನಾಡಿನ ಕನ್ನಡ ಸಂಘಗಳು ತಮ್ಮ ಪ್ರಕಟಣೆಗಳನ್ನು ಚಿತ್ರದ ಜೊತೆಗೆ ಅಕ್ಷರರೂಪದಲ್ಲಿಯೂ ಕಳಿಸಲಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ನ್ಯಾಯಾಲಯದ ಆಜ್ಞೆ ಕಾಗದದಲ್ಲಿ ಉಳಿಯದೆ ಆಚರಣೆಗೆ ಬರುವಂತೆ ಸಂಬಂಧಪಟ್ಟವರು ತ್ವರೆ ಮಾಡುವರೆಂದು ಆಶಿಸುತ್ತೇವೆ.