ಪದ್ಯಾನೂ ಕೊಡು, ರೊಕ್ಕಾನೂ ಕೊಡು!

ತಿಕೋಟಾ ತಾಲೂಕಿನ ಕನಮಡಿ ಕಡೆಯ ರೈತನಿಗೆ ಯಾರೂ ವ್ಯಾಪಾರ ಕಲಿಸಬೇಕಾಗಿಲ್ಲ. ದ್ರಾಕ್ಷಿ ಕೊಳ್ಳಲು ಬಂದವನು ತೋಟದೊಳಗೆ ಕಾಲಿಡುವ ಮೊದಲೇ ‘ದರ ಎಷ್ಟು, ರೊಕ್ಕ ಎಂದ ಕೊಡ್ತಿ?’ ಎಂದು ಕೇಳಿ ಮುಗಿಸಿರುತ್ತಾನೆ. ‘ನಿಮ್ಮ ಹಣ್ಣು ಭಾಳ ಛಲೋ ಅದಾವರಿ, ಅದಕ್ಕ ನೀವೇ ನಮಗ ಐದು ಸಾವಿರ ಕೊಡ್ರಿ’ ಎಂದು ಯಾವನಾದರೂ ಹೇಳಿದರೆ ಅವನನ್ನು ಊರ ಅಗಸಿಯ ತನಕ ಅಟ್ಟಿಸಿಕೊಂಡು ಹೋದಾರು. ಆದರೆ ಅದೇ ಮನೆಯ ಮಗನೋ ಮಗಳೋ ಪದ್ಯ ಬರೆದರೆ ಈ ಶಾಣ್ಯಾತನ ಎಲ್ಲಿ ಹೋಗುತ್ತದೋ! ಮಾಲು ಕೊಟ್ಟವರೇ ರೊಕ್ಕವನ್ನೂ ಕೊಟ್ಟು, ಮೇಲೆ ಕೈಮುಗಿದು ಬರುತ್ತಾರೆ.

ಹವ್ಯಾಸಿ ಕವಿಗಳನ್ನು ಹಿಡಿಯುವ ಈ ದಂಧೆಯ ರೀತಿ ಎಲ್ಲ ಕಡೆ ಒಂದೇ. ಹಿಂದೆ ಅಂಚೆಯಲ್ಲಿ ಬರುತ್ತಿದ್ದ ಕಾಗದ ಈಗ ವಾಟ್ಸಾಪಿನಲ್ಲಿ ಬರುತ್ತದೆ: ‘ಅಭಿನಂದನೆಗಳು! ತಮ್ಮ ಕವನ ರಾಜ್ಯಮಟ್ಟದ ಸಂಕಲನಕ್ಕೆ ಆಯ್ಕೆಯಾಗಿದೆ.’ ಆಯ್ಕೆ ಮಾಡಿದವರು ಯಾರು, ಎಷ್ಟು ಕವನ ಬಂದಿದ್ದವು, ಎಷ್ಟು ಬಿದ್ದುಹೋದವು ಎಂಬುದು ಅದರಲ್ಲಿ ಇರುವುದಿಲ್ಲ. ಕೆಳಗೆ ಮಾತ್ರ ಪ್ರವೇಶ ಶುಲ್ಕ ಇಷ್ಟು, ಪ್ರತಿ ಕೊಳ್ಳುವುದು ಕಡ್ಡಾಯ, ಸನ್ಮಾನಕ್ಕೆ ಬರುವ ಖರ್ಚು ಕವಿಯದೇ ಎಂಬ ವಿವರ ಇರುತ್ತದೆ.

ಲೆಕ್ಕ ಹಾಕಿ ನೋಡಿ. ನೂರು ಮಂದಿ ಕವಿಗಳಿಂದ ತಲಾ 500 ರೂಪಾಯಿ ಎತ್ತಿದರೆ 50,000 ಆಯಿತು. ತಲಾ ಎರಡು ಪ್ರತಿಯಂತೆ 200 ಪ್ರತಿ ಅಚ್ಚು ಹಾಕಿಸಿ, ಪ್ರತಿಗೆ 100 ರೂಪಾಯಿ ಖರ್ಚು ಹಿಡಿದರೂ ಹೋಗುವುದು 20,000. ಉಳಿದ 30,000 ದಲ್ಲಿ ಅಂಚೆ ಖರ್ಚು, ಶಾಲು, ಫಲಕ ಕಳೆದರೂ ಜೇಬು ತುಂಬುತ್ತದೆ. ಅಂಗಡಿಯಲ್ಲಿ ಒಂದು ಪ್ರತಿ ಮಾರದೆಯೂ ಲಾಭ! ಇಲ್ಲಿ ಗಿರಾಕಿ ಓದುಗನಲ್ಲ, ಕವಿಯೇ.

ಇದು ನಮ್ಮ ದೇಶದ ಸಂಶೋಧನೆಯೇನಲ್ಲ. ಅಮೇರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ‘ನ್ಯಾಷನಲ್ ಲೈಬ್ರರಿ ಆಫ್ ಪೊಯೆಟ್ರಿ’ ಎಂಬ ಕಂಪನಿ ಇದನ್ನೇ ದೊಡ್ಡ ಉದ್ಯಮ ಮಾಡಿತು. ಹೆಸರು ಕೇಳಿದರೆ ಸರಕಾರಿ ಗ್ರಂಥಾಲಯ ಅನ್ನಬೇಕು. ಅಸಲಿಗೆ ಖಾಸಗಿ ಅಂಗಡಿ. ಸ್ಪರ್ಧೆಗೆ ಕವನ ಕಳಿಸಲು ಶುಲ್ಕವಿಲ್ಲ. ಕಳಿಸಿದವರಿಗೆಲ್ಲ ‘ಅಂತಿಮ ಸುತ್ತಿನ ಹತ್ತಿರ ಬಂದಿದ್ದೀರಿ, ನಿಮ್ಮ ಕವನ ಸಂಕಲನದಲ್ಲಿ ಬರುತ್ತದೆ’ ಎಂಬ ಕಾಗದ. ಪುಸ್ತಕದ ಬೆಲೆ ಮಾತ್ರ ಸುಮಾರು 50 ಡಾಲರ್. ಅನುಮಾನ ಬಂದ ಪತ್ರಕರ್ತರು ಬೇಕಂತಲೇ ಅರ್ಥವಿಲ್ಲದ ಸಾಲು ಗೀಚಿ ಕಳಿಸಿದರು. ಅವೂ ಆಯ್ಕೆಯಾದವು! ಕೊಳ್ಳಲೇಬೇಕೆಂಬ ಒತ್ತಾಯವಿಲ್ಲದ ಕಾರಣ ಕಾನೂನಿಗೆ ಸಿಗುವುದು ಕಷ್ಟ. ಮಗಳ ಹೆಸರು ಅಚ್ಚಾದ ಪುಸ್ತಕ ಬ್ಯಾಡ ಅನ್ನುವ ತಾಯಿ ಎಲ್ಲಿದ್ದಾಳೆ?

ನಮ್ಮಲ್ಲಿ ಈ ವ್ಯಾಪಾರ ಇನ್ನೊಂದು ಮೆಟ್ಟಿಲು ಏರಿದೆ. ಸಂಕಲನದ ಬೆನ್ನಿಗೆ ಪ್ರಶಸ್ತಿ, ಪ್ರಶಸ್ತಿಯ ಬೆನ್ನಿಗೆ ‘ಗೌರವ ಡಾಕ್ಟರೇಟ್’. 2020 ರ ಸೆಪ್ಟೆಂಬರಿನಲ್ಲಿ ಮೈಸೂರಿನ ಹೋಟೆಲೊಂದರಲ್ಲಿ ನಡೆಯುತ್ತಿದ್ದ ನಕಲಿ ಡಾಕ್ಟರೇಟ್ ಸಮಾರಂಭಕ್ಕೆ ಪೊಲೀಸರೇ ಹೋಗಿ ತಡೆ ಹಾಕಬೇಕಾಯಿತು. ಪದವಿ ಕೊಡುವ ಅಧಿಕಾರ ಕಾನೂನಿನಂತೆ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ ಮಾತ್ರ ಎಂದು ಯುಜಿಸಿ ಕಾಯಿದೆ ಸ್ಪಷ್ಟ ಹೇಳುತ್ತದೆ.

ಹಾಗಾದರೆ ಸ್ವಂತ ರೊಕ್ಕದಿಂದ ಪುಸ್ತಕ ತರುವುದೇ ತಪ್ಪೇ? ಖಂಡಿತ ಅಲ್ಲ. ಈ ವಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಇದ್ದ ಮನೆ ಮಾರಿ 1925 ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. ವಚನಗಳು ಜನರ ಕೈಗೆ ಬಂದವು. ಗಳಗನಾಥರು ತಮ್ಮ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಅವರು ಕಳೆದುಕೊಂಡಿದ್ದು ರೊಕ್ಕ, ಗಳಿಸಿದ್ದು ಓದುಗರನ್ನು. ಖರ್ಚು ಎಷ್ಟು, ಏತಕ್ಕೆ ಎಂಬುದು ಅವರಿಗೆ ಗೊತ್ತಿತ್ತು. ಇಂದು ಪ್ರೆಸ್ಸಿಗೆ ಹೋಗಿ ದರ ಕೇಳಿ, ರಸೀದಿ ಪಡೆದು 200 ಪ್ರತಿ ಹಾಕಿಸಿದವನೂ ಮೋಸ ಹೋದವನಲ್ಲ. ಬಿಲ್ಲನ್ನು ‘ಆಯ್ಕೆ’ ಎಂಬ ಬಣ್ಣದ ಕಾಗದದಲ್ಲಿ ಸುತ್ತಿ ಕೊಡುವುದೇ ಮೋಸ.

ಇಡೀ ಪುಸ್ತಕ ತರುತ್ತೇವೆಂದು ಬರುವವರು ಮೂರು ಆಮಿಷ ತೋರಿಸುತ್ತಾರೆ. ಒಂದು, ಐಎಸ್‌ಬಿಎನ್. ಇದಕ್ಕೆಂದು ಸಾವಿರಗಟ್ಟಲೆ ಕೇಳಿದರೆ ಎಚ್ಚರ! ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ. ಲೇಖಕನೇ ಅರ್ಜಿ ಹಾಕಬಹುದು. ಅದು ಬರೇ ಗುರುತಿನ ಸಂಖ್ಯೆ, ಪುಸ್ತಕ ಛಲೋ ಅದ ಎಂಬ ಸರ್ಟಿಫಿಕೇಟ್ ಅಲ್ಲ. ಎರಡು, ‘ಲೈಬ್ರರಿಗೆ ಹಾಕಿಸಿ ಕೊಡ್ತೀವಿ.’ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆ ಸಮಿತಿ ಇದೆ. ಆಯ್ಕೆಯೂ ಹಣವೂ ತಡವಾಗುತ್ತವೆಂದು ಹಳೆಯ ಪ್ರಕಾಶಕರೇ ಗೋಳಿಡುವಾಗ ಇವರು ಯಾವ ಬಾಗಿಲಿಂದ ಹಾಕಿಸುತ್ತಾರೆ? ಮೂರು, ‘ಕಾಪಿರೈಟ್ ನಾವು ನೋಡ್ಕೋತೀವಿ.’ 1957 ರ ಕಾಯಿದೆಯಂತೆ ಬರೆದ ಗಳಿಗೆಯಿಂದಲೇ ಹಕ್ಕು ಕವಿಯದು, ನೋಂದಣಿ ಬೇಕಿಲ್ಲ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಲಿಖಿತ ಪತ್ರ, ಸಹಿ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ. ಆದ್ದರಿಂದ ಓದದೆ ಸಹಿ ಹಾಕಬಾರದು.

ರೊಕ್ಕ ಕೊಟ್ಟು ಮೋಸ ಹೋದವರು ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುವುದೇ ಈ ಮಂದಿಯ ಬಂಡವಾಳ. ವಿಜಯಪುರದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಪುಸ್ತಕವನ್ನೇ ಕೊಡದೆ ಪರಾರಿಯಾದರೆ ಭಾರತೀಯ ನ್ಯಾಯ ಸಂಹಿತೆಯ 318 ನೇ ಕಲಮಿನ ವಂಚನೆ. ಪೊಲೀಸ್ ಠಾಣೆಗೆ ಹೋಗಬಹುದು. ಕಳಿಸಿದ ಸಂದೇಶ, ರೊಕ್ಕ ಹಾಕಿದ ದಾಖಲೆ ಅಳಿಸಬೇಡಿ.

ಸರಿಯಾದ ಬಾಗಿಲುಗಳೂ ಇವೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನದ ಯೋಜನೆ ನಡೆಸಿಕೊಂಡು ಬಂದಿದೆ. ಆದರೆ ಈ ಸುದ್ದಿ ಕನಮಡಿಯಂಥ ಗಡಿ ಹಳ್ಳಿಗೆ ಮುಟ್ಟುವ ಮೊದಲೇ ‘ಗಡಿನಾಡ ಕವಿರತ್ನ’ದ ಆಮಿಷ ಮುಟ್ಟಿರುತ್ತದೆ. ಸಾಹಿತ್ಯ ಪರಿಷತ್ತಿನ ಜಿಲ್ಲೆ ಮತ್ತು ತಾಲೂಕು ಘಟಕಗಳು ಸನ್ಮಾನದ ಶಾಲು ಮಡಚಿಟ್ಟು, ತಿಂಗಳಿಗೊಮ್ಮೆ ಹಳ್ಳಿಯ ಶಾಲೆಯಲ್ಲಿ ಕೂತು ಹೊಸಬರ ಪದ್ಯ ಕೇಳಲಿ. ‘ಈ ಸಾಲು ನಿಂತದ, ಈ ಸಾಲು ಬಿದ್ದದ’ ಎಂದು ಹೇಳುವ ಒಬ್ಬ ಮಾಸ್ತರು ಊರಲ್ಲಿದ್ದರೆ ಹುಡುಗ ಹೊಗಳಿಕೆ ಕೊಳ್ಳಲು ಬೇರೆ ಊರಿಗೆ ರೊಕ್ಕ ಕಳಿಸುವುದಿಲ್ಲ. ಇಂಥ ಸಂಕಲನಗಳಿಂದ ಆಗುವ ದೊಡ್ಡ ಹಾನಿ 500 ರೂಪಾಯಿ ಅಲ್ಲ. ಎಲ್ಲವೂ ‘ಅತ್ಯುತ್ತಮ’ ಅನಿಸಿಕೊಂಡ ಹುಡುಗ ತಿದ್ದುವುದನ್ನು ಬಿಡುತ್ತಾನೆ. ಮೋಸ ತಿಳಿದ ದಿನ ಬರೆಯುವುದನ್ನೇ ಬಿಡುತ್ತಾನೆ. ಪರಿಷತ್ತಿನವರು, ಕಾಲೇಜಿನ ಕನ್ನಡ ಮಾಸ್ತರುಗಳು ಈ ಕಡೆ ಲಕ್ಷ್ಯ ಹಾಕುವರೇ?